ಬಾಗಿಲ ಕಾಗದ

ಒಂಬತ್ತನೇ ತಿಂಗಳು ಅರಮನೆಯ ಬಾಗಿಲುಗಳೆಲ್ಲ
ಚರ್ಮ ಸುಲಿದುಕೊಂಡು ನಿಲ್ಲುತ್ತವೆ.
ಹಳೆ ಕಾಗದಕ್ಕೆ ನೀರು ಚಿಮುಕಿಸಿ, ಉಗುರಲ್ಲಿ ಎಬ್ಬಿಸಿ,
ಬರಿ ಚೌಕಟ್ಟಿಗೆ ಗಂಜಿ ಸವರುವವಳು ನಾನು,
ದಲ್ಲೆ. ಕಾಡು ಈರುಳ್ಳಿಯ ಹೆಸರು.
ಹಿಡಿಕೆಯ ಬಳಿ, ಎರಡು ಪದರದ ನಡುವೆ
ಒಂದು ಸೇವಂತಿಗೆ ಎಲೆ ಇಟ್ಟು ಒತ್ತುತ್ತೇನೆ,
ಕೈ ತಾಗಿ ತಾಗಿ ಹರಿಯದಿರಲೆಂದು.

ಆ ವರ್ಷದ ಕಾಗದ ಉತ್ತರದ ಹೊಳೆಯಿಂದ ಬಂದದ್ದು.
ಅಲ್ಲಿ ಬಂಡೆಗಳ ಮೇಲೆ ಕೂತು
ಅರಸರ ದಿನಚರಿಯ ಕರಡು ತೊಳೆಯುತ್ತಾರೆ.
ಮಸಿಯೆಲ್ಲ ಮೀನುಗಳ ಪಾಲಾದ ಮೇಲೆ
ಹಿಂಡಿ, ಕುಟ್ಟಿ, ಹೊಸ ಹಾಳೆ ಎತ್ತುತ್ತಾರೆ.
ಬರೆದವನನ್ನೂ ತೊಳೆದಿದ್ದರು. ಮೆಂಗ್ ಸುಗ್ಯೊಮ್,
ಇಪ್ಪತ್ತಾರು ವರ್ಷ, ಎಡಗೈಯವನು.
ಕಾಲು ಜಾರಿದ, ಅಂದರು.
ಹೊಳೆ ಆಗ ಮೊಣಕಾಲಿಗೂ ಇರಲಿಲ್ಲ.

ಮಿಕ್ಕ ಒಂದು ಹಾಳೆಯನ್ನು ನನ್ನ ಕಿಟಕಿಗೇ ಹಚ್ಚಿಕೊಂಡೆ.
ರಾತ್ರಿ ದೀಪದ ಮುಂದೆ
ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ ಅಕ್ಷರ ಮೇಲೆದ್ದವು.
ಗಂಡಸರ ಲಿಪಿ, ನನಗೆ ಬಾರದು.
“ಓದಲೇ?” ಅಂದರು ಯಾರೋ ಹಿಂದಿನಿಂದ.
ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.
ನೆಲ ಒಣಗಿಯೇ ಇತ್ತು.

“ಹುಲಿಯ ಜಾವ. ಹಿಂಬಾಗಿಲಿನಿಂದ ವೈದ್ಯ,
ರಾಜಮಾತೆಯ ಕೋಣೆಗೆ. ಕೈಯಲ್ಲಿ ಮುಚ್ಚಿದ ಬಟ್ಟಲು.
ಎಳೆಯ ಯುವರಾಜನಿಗೆ ಜ್ವರ ಇರಲಿಲ್ಲ.
ಬರೆದವನ ಮಾತು: ಇತ್ತು ಎಂದು
ಬೆಳಿಗ್ಗೆ ಎಲ್ಲರೂ ಅಂದರು.”

ಮಗು ಸತ್ತದ್ದಕ್ಕೆ ಸೆರೆಯಾದವಳು ಉಪರಾಣಿ ಯಾಂಗ್,
ಮಾಟ ಮಾಡಿಸಿದಳಂತೆ.
“ಇದನ್ನು ಅರಸರ ಮಲಗುವ ಕೋಣೆಗೆ ಹಚ್ಚು, ದಲ್ಲೆ.
ಅವರು ಓದಿದ ದಿನ ನನಗೆ ದಾರಿ ಬಿಡುತ್ತದೆ.”
ಹಚ್ಚುತ್ತೇನೆ, ಅಂದೆ. ನಾಳೆ.

ಹದಿನೈದಕ್ಕೇ ನನಗೆ ಮದುವೆಯ ಬಟ್ಟೆ ಉಡಿಸಿದ್ದರು,
ವರನಿಲ್ಲದ ಮದುವೆ.
ಅರಸನ ಸೊತ್ತು ನಾನು. ಅರಸ ಕಂಡದ್ದು
ನನ್ನ ಬಾಗಿದ ಬೆನ್ನನ್ನು ಮಾತ್ರ.
ಇವನು ಕಂಡದ್ದು ಗಂಜಿ ಒಣಗಿ ಬಿರಿದ ಬೆರಳು.
ಅಗ್ಗಿಷ್ಟಿಕೆಯ ಬೂದಿಯಲ್ಲಿ ಅಕ್ಷರ ಕಲಿಸಿದ;
ಅವನ ಹೆಸರನ್ನು ತಪ್ಪಾಗಿ ಬರೆದೆ,
ನಕ್ಕ, ದೀಪ ಬಾಗಿತು.

ಗೋಡೆಗಾದರೆ ಕಿವಿ. ಕಾಗದದ ಗೋಡೆಗೆ ಕಣ್ಣು.
ಒಂದು ಬೆಳಿಗ್ಗೆ ಕಿಟಕಿಯಲ್ಲಿ ತೂತು,
ಒದ್ದೆ ಬೆರಳಿನಷ್ಟು.
ಎಲೆಯೊಂದನ್ನು ಅಂಟಿಸಿ ಸುಮ್ಮನಾದೆ.

ವರ್ಷದ ಅತಿ ಉದ್ದದ ರಾತ್ರಿ
ದೆವ್ವ ಬಾರದಿರಲೆಂದು ಬಾಗಿಲು ಬಾಗಿಲಿಗೂ
ಕೆಂಪು ಕಾಳಿನ ಗಂಜಿ ಬಳಿಯುವ ಕೆಲಸವೂ ನನ್ನದೇ.
ನೂರಾ ಹನ್ನೊಂದು ಬಾಗಿಲು ಬಳಿದೆ.
ನನ್ನದನ್ನು ಬಿಟ್ಟೆ.

ಆಮೇಲೆ ಅವನೂ ಕೇಳಲಿಲ್ಲ, ಹಚ್ಚಿದೆಯಾ ಎಂದು.
ಇದನ್ನು ನಾನು ಬರೆದಿಡಲೇಬೇಕು:
ಅವನೂ ಕೇಳಲಿಲ್ಲ.

ಹನ್ನೆರಡನೇ ತಿಂಗಳು, ಹಿಮ ಬೀಳುತ್ತಿದ್ದ ಸಂಜೆ,
ನೀರು ಹೊರುವ ಹುಡುಗಿ ಸುದ್ದಿ ತಂದಳು.
ವಿಷದ ಬಟ್ಟಲು ಹೋಯಿತಂತೆ ಉಪರಾಣಿಗೆ.
ಅರಮನೆಯ ದಿಕ್ಕಿಗೆ ನಾಲ್ಕು ಸಲ ಬಾಗಿ
ಒಂದೇ ಗುಟುಕಿಗೆ ಕುಡಿದಳಂತೆ.
ಬೂದಿಯ ಮೇಲೆ ನನ್ನ ಕಡ್ಡಿ
ಮೂರನೇ ಗೆರೆಯಲ್ಲಿ ನಿಂತಿತ್ತು.
ಅವನ ಮುಖ ನೋಡಲಿಲ್ಲ ನಾನು. ಅವನೂ ನನ್ನದನ್ನು.

ಆ ರಾತ್ರಿಯೇ ಹಾಳೆ ಕಿತ್ತು ಹಚ್ಚಿದೆ.
ಅರಸರ ದೀಪ ಬೆಳಗಿನ ತನಕ ಆರಲಿಲ್ಲ.
ಮುಂಜಾನೆ ಅಪ್ಪಣೆ:
ಈ ಬಾಗಿಲಿಗೆ ಬೇರೆ ಕಾಗದ. ಹಳೆಯದು ಒಲೆಗೆ.
ಅಮ್ಮನ ಕುಶಲ ವಿಚಾರಿಸಲು ಹೊರಟರು,
ದಿನದಂತೆ.

ಓದಿದರಲ್ಲ, ಅಷ್ಟೇ ಸಾಕಿತ್ತು ಅವನಿಗೆ.
ಹೋದ.
ಕೋಣೆ ತುಂಬ ಹೊಳೆಯ ವಾಸನೆ, ಎರಡು ದಿನ.

ಈಗ ರಾತ್ರಿ ಬರುವವಳು ಬೇರೆ.
ಕೂರುವುದಿಲ್ಲ, ಬೈಯುವುದಿಲ್ಲ.
ನಾನು ಬರೆಯುತ್ತೇನೆ, ಕಲಿಸಿದವನಂತೆ ಎಡಗೈಯಲ್ಲಿ,
ಹೆಂಗಸರ ಲಿಪಿಯಲ್ಲಿ,
ಬಾಗಿಲ ಎರಡು ಪದರದ ನಡುವೆ ಸೇರುವಷ್ಟು ಸಣ್ಣ ಚೂರಿನಲ್ಲಿ.
ಭುಜದ ಮೇಲಿಂದ ಬಗ್ಗಿ ಓದುತ್ತಾಳೆ.
ನಿನ್ನೆ ಮೊದಲ ಸಲ ತುಟಿ ತೆರೆದಳು:
“ನಾಲ್ಕಲ್ಲ, ಮೂರು.
ನಾಲ್ಕನೆಯದಕ್ಕೆ ಮೊಣಕಾಲು ಬಾಗಲಿಲ್ಲ.
ತಿದ್ದು.”